ನಾನು ಓದಿ ಬೆಳೆದ ಪುಸ್ತಕಗಳು ಮಗಳಿಗೆ ಹಿಡಿಸುತ್ತಿಲ್ಲ, ಏನು ಮಾಡಲಿ?

ಪ್ರಶ್ನೆ: ಶಿರಾ ಗೇಟ್ ಅಮ್ಮ, ತುಮಕೂರು

ದಸರಾ ರಜೆಯಲ್ಲಿ ತಿಪಟೂರಿನ ಬಳಿಯ ತವರುಮನೆಗೆ ಹೋಗಿದ್ದಾಗ, ಅಟ್ಟದ ಮೇಲೆ ಕೊಬ್ಬರಿಗೆಂದು ಹಾಕಿದ್ದ ಕಾಯಿರಾಶಿಯ ಹಿಂದೆ ಸೇರಿಹೋಗಿದ್ದ ನನ್ನ ಹಳೆಯ ಟ್ರಂಕನ್ನು ಕೆಳಗಿಳಿಸಿ ತುಮಕೂರಿಗೆ ತಂದೆ. ಅಪ್ಪ ವರ್ಷಕ್ಕೊಂದರಂತೆ ಬೈಂಡ್ ಮಾಡಿಸಿದ್ದ ‘ಚಂದಮಾಮ’ದ ನಾಲ್ಕು ಸಂಪುಟಗಳು, ಶಾಲೆಯ ಸ್ಪರ್ಧೆಗಳಲ್ಲಿ ಬಹುಮಾನವಾಗಿ ಬಂದಿದ್ದ ‘ಭಾರತ ಭಾರತಿ’ ಮಾಲೆಯ ಇಪ್ಪತ್ತಮೂರು ಪುಟ್ಟ ಪುಸ್ತಕಗಳು ಮತ್ತು ರಟ್ಟು ಕಿತ್ತುಹೋದ ಒಂದು ಕತೆಪುಸ್ತಕ ಅದರಲ್ಲಿದ್ದವು. ಎಲ್.ಎಸ್. ಶೇಷಗಿರಿರಾಯರ ಸಂಪಾದಕತ್ವದಲ್ಲಿ ಬಂದ ಭಾರತ ಭಾರತಿಯ ಒಟ್ಟು ಪುಸ್ತಕಗಳು 510. ಅಷ್ಟನ್ನೂ ಓದಿ ಮುಗಿಸಬೇಕೆಂಬುದು ಐದನೆಯ ತರಗತಿಯಲ್ಲಿ ನನಗಿದ್ದ ಹಟ. ನೂರರ ಗಡಿಯನ್ನೂ ನಾನು ದಾಟಲಿಲ್ಲ ಎನ್ನುವುದು ಬೇರೆ ಮಾತು.

ಮಗಳಿಗೆ ಈಗ 9 ವರ್ಷ. ಇಂಗ್ಲಿಷ್ ಮಾಧ್ಯಮದಲ್ಲಿ ನಾಲ್ಕನೆಯ ತರಗತಿ ಓದುತ್ತಿದ್ದಾಳೆ. ಕನ್ನಡ ಅವಳಿಗೆ ಎರಡನೆಯ ಭಾಷೆ. ಊರಿನಿಂದ ಬಂದ ದಿನ ಸಂಜೆಯೇ ಟ್ರಂಕನ್ನು ಅವಳ ಮುಂದಿಟ್ಟು, ನನಗೆ ಎಲ್ಲಕ್ಕಿಂತ ಇಷ್ಟವಾಗಿದ್ದ ಬೇತಾಳದ ಕತೆಯೊಂದನ್ನು ತೆರೆದು ಕೊಟ್ಟೆ. ಅವಳು ಬೆರಳಿಟ್ಟುಕೊಂಡು ಒಂದು ಪುಟ ಓದಿದಳು, ಇನ್ನೆಷ್ಟು ಪುಟ ಇದೆ ಎಂದು ಮುಂದಕ್ಕೆ ಮಗುಚಿ ನೋಡಿದಳು, ಆಮೇಲೆ ನನ್ನ ಮುಖ ನೋಡಿ, “ಚೆನ್ನಾಗಿದೆ ಅಮ್ಮ, ನಾಳೆ ಓದ್ತೀನಿ” ಎಂದಳು. ನೆಂಟರ ಮನೆಯಲ್ಲಿ ಸೇರದ ತಿಂಡಿಯನ್ನು ತಟ್ಟೆಯಲ್ಲೇ ಬಿಡುವಾಗ ಅವಳು ಬಳಸುವ ಧ್ವನಿ ಅದು. ಆ ನಾಳೆ ಇನ್ನೂ ಬಂದಿಲ್ಲ. ಇದೇ ಹುಡುಗಿ ಇಂಗ್ಲಿಷಿನಲ್ಲಿ ದಪ್ಪ ದಪ್ಪ ಪುಸ್ತಕಗಳನ್ನು ಎರಡು ದಿನದಲ್ಲಿ ಮುಗಿಸುತ್ತಾಳೆ. ಆದ್ದರಿಂದ ಓದುವ ಅಭ್ಯಾಸವೇ ಇಲ್ಲವೆಂದು ಹೇಳುವಂತಿಲ್ಲ.

ಇನ್ನೊಂದು ತೊಡಕೂ ಇದೆ. ಅವಳು ಮಲಗಿದ ಮೇಲೆ ಆ ರಟ್ಟಿಲ್ಲದ ಪುಸ್ತಕವನ್ನು ನಾನೇ ಓದಲು ಕುಳಿತೆ. ಕಪ್ಪಗಿರುವವರೆಲ್ಲ ಕೆಟ್ಟವರು, ಮಲತಾಯಿ ಎಂದರೆ ಮಗುವನ್ನು ಕಾಡಿಗೆ ಅಟ್ಟುವವಳು, ರಾಜನು ಅರ್ಧ ರಾಜ್ಯದ ಜೊತೆಗೆ ಮಗಳನ್ನೂ ಇನಾಮಾಗಿ ಕೊಡುತ್ತಾನೆ. ಇವೆಲ್ಲ ಆ ವಯಸ್ಸಿನಲ್ಲಿ ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ. ಓದಿ ಹೇಳುವಾಗ ಇಂಥವನ್ನು ಹಾರಿಸಬೇಕೇ? ಪುಸ್ತಕಗಳ ಕಾಗದವಂತೂ ಮಡಿಸಿದಲ್ಲಿ ಮುರಿಯುವಷ್ಟು ಒಣಗಿದೆ. ಮಕ್ಕಳನ್ನು ಬೆಳೆಸಿದ ಅನುಭವವಿರುವವರು ದಯವಿಟ್ಟು ತಿಳಿಸಿ.


ಉತ್ತರ: ನಿವೃತ್ತ ಮೇಷ್ಟ್ರು, ಚಿಂತಾಮಣಿ

ತಾಯಿ, ನಿಮ್ಮ ಮಗಳು ಬೆರಳಿಟ್ಟು ಓದಿದಳೆಂದು ಬರೆದಿದ್ದೀರಿ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರಾಥಮಿಕ ಶಾಲೆಯಲ್ಲಿ ಪಾಠ ಹೇಳಿದ ನನಗೆ ಆ ಒಂದು ಮಾತಿನಲ್ಲೇ ಅರ್ಧ ಉತ್ತರ ಸಿಕ್ಕಿದಂತಾಯಿತು. ಒಂಬತ್ತು ವರ್ಷದ ಮಗು ಬೆರಳಿಟ್ಟು ಓದುತ್ತಿದೆ ಎಂದರೆ ಅದು ಇನ್ನೂ ಅಕ್ಷರಗಳನ್ನು ಓದುತ್ತಿದೆಯೇ ಹೊರತು ಕತೆಯನ್ನಲ್ಲ. ಪ್ರತಿ ಒತ್ತಕ್ಷರದ ಬಳಿ ಅರೆಕ್ಷಣ ನಿಂತು ಮುಂದೆ ಹೋಗುವ ಮಗುವಿಗೆ, ಮೂರನೆಯ ಸಾಲಿಗೆ ಬರುವಷ್ಟರಲ್ಲಿ ಮೊದಲನೆಯ ಸಾಲು ಮರೆತಿರುತ್ತದೆ. ಆಗ ಯಾವ ಬೇತಾಳವೂ ಮರದಿಂದ ಇಳಿದು ಬರಲಾರದು.

ಇದಕ್ಕೆ ಹಳೆಯ ಪುಸ್ತಕಗಳ ಭಾಷೆಯೂ ಕಾರಣ. ‘ಹೊರಟುಹೋಗಿದ್ದರೆಂಬುದನ್ನರಿತು’ ಎಂಬ ಒಂದು ಪದವನ್ನು ತೆಗೆದುಕೊಳ್ಳಿ. ಓದಿ ಪಳಗಿದ ನಮಗೆ ಅದು ಒಂದೇ ಉಸಿರಿನ ಮಾತು. ಮಗುವಿಗೆ ಹೊರಟು, ಹೋಗಿದ್ದರು, ಎಂಬುದನ್ನು, ಅರಿತು ಎಂಬ ನಾಲ್ಕು ಪದಗಳು ಒಂದರ ಬಾಲ ಒಂದು ಕಚ್ಚಿಕೊಂಡು ನಿಂತ ಗಾಡಿ. ಅದೂ ಮನೆಯಲ್ಲಿ ಅವಳ ಕಿವಿಗೆ ಬೀಳುವುದು ‘ಹೊಂಟೋದ್ರು’ ಎಂಬ ಮಾತು. ಆಡುವ ಕನ್ನಡದಿಂದ ಆ ಕನ್ನಡಕ್ಕೆ ಇರುವ ದೂರವನ್ನು ನಾವು ಹಿಂದೆ ಹರಿಕತೆ, ರೇಡಿಯೊ, ಶಾಲೆಯ ಎಲ್ಲ ವಿಷಯಗಳ ಪಾಠಗಳು ಇವುಗಳ ಮೂಲಕ ಅರಿವಿಲ್ಲದೆಯೇ ದಾಟಿದ್ದೆವು. ಇಂದಿನ ಇಂಗ್ಲಿಷ್ ಮಾಧ್ಯಮದ ಮಗುವಿಗೆ ಕನ್ನಡ ದಿನಕ್ಕೊಂದು ಪೀರಿಯಡ್ಡು.

ಒಂದು ಪರೀಕ್ಷೆ ಮಾಡಿ ನೋಡಿ. ಅದೇ ಕತೆಯ ಒಂದು ಪುಟವನ್ನು ನೀವು ಸಾವಕಾಶವಾಗಿ ಓದಿ ಹೇಳಿ, ಮರುದಿನ ಊಟದ ಹೊತ್ತಿಗೆ ಅಜ್ಜಿಗೋ ತಂದೆಗೋ ಅದನ್ನು ಹೇಳಲು ಅವಳನ್ನೇ ಕೇಳಿ. ಹೇಳಿದಳೆಂದರೆ ಕತೆ ಅವಳಿಗೆ ಹಿಡಿದಿದೆ, ಅಕ್ಷರ ಮಾತ್ರ ಅಡ್ಡ ನಿಂತಿದೆ ಎಂದು ತಿಳಿಯಿರಿ. ಆಮೇಲೆ ಓದನ್ನು ಹಂಚಿಕೊಳ್ಳಿ: ನಿರೂಪಣೆಯೆಲ್ಲ ನಿಮ್ಮದು, ಉದ್ಧರಣ ಚಿಹ್ನೆಯೊಳಗಿನ ಮಾತುಗಳು ಅವಳವು. ಸಂಭಾಷಣೆಯ ವಾಕ್ಯಗಳು ಚಿಕ್ಕವು, ಅಲ್ಲಿ ರಾಕ್ಷಸನಾಗುವ ಅವಕಾಶವೂ ಇರುತ್ತದೆ. ನನ್ನ ತರಗತಿಯಲ್ಲಿ ಓದಲು ಬಾರದೆಂದು ಹಿಂದಿನ ಸಾಲಿನಲ್ಲಿ ಕೂರುತ್ತಿದ್ದ ಹುಡುಗರು ನರಿಯ ಮಾತುಗಳನ್ನು ಓದಲು ನಾನು ತಾನೆಂದು ಎದ್ದು ನಿಲ್ಲುತ್ತಿದ್ದರು.

ಬೇತಾಳದ ಕತೆಗಳಲ್ಲಿ ಇನ್ನೊಂದು ಅನುಕೂಲವಿದೆ. ಆ ಕತೆಗಳ ನಡುವೆ ಒಂದು ಬಾಗಿಲನ್ನು ಬರೆದವರೇ ಇಟ್ಟಿದ್ದಾರೆ. ಬೇತಾಳ ಪ್ರಶ್ನೆ ಕೇಳಿದ ಕೂಡಲೇ ಪುಸ್ತಕವನ್ನು ಮುಚ್ಚಿಬಿಡಿ. ಉತ್ತರ ಗೊತ್ತಿದ್ದೂ ಹೇಳದಿದ್ದರೆ ತಲೆ ಸಾವಿರ ಹೋಳಾಗುತ್ತದೆ ಎಂಬ ಭಯವನ್ನು ಮಗುವಿಗೂ ಹಾಕಿ, ಅವಳ ಉತ್ತರ ಬಂದ ಮೇಲಷ್ಟೇ ರಾಜನ ಉತ್ತರವನ್ನು ಓದಿ.

ನನ್ನ ಕತೆಯನ್ನೂ ಒಂದಿಷ್ಟು ಹೇಳುತ್ತೇನೆ, ಮುದುಕನ ಮಾತೆಂದು ಸಹಿಸಿಕೊಳ್ಳಿ. ನಮ್ಮ ಕಡೆಯ ಬಹಳ ಮನೆಗಳಂತೆ ನಮ್ಮ ಮನೆಮಾತು ತೆಲುಗು. ಚಂದಮಾಮ 1947ರಲ್ಲಿ ಮದರಾಸಿನಲ್ಲಿ ಮೊದಲು ಹೊರಟದ್ದು ತೆಲುಗು ಮತ್ತು ತಮಿಳಿನಲ್ಲಿ, ಕನ್ನಡಕ್ಕೆ ಬಂದದ್ದು ಅದರ ನಂತರ. ನಮ್ಮ ಮನೆಗೆ ತೆಲುಗಿನದು ಬರುತ್ತಿತ್ತು, ಪಕ್ಕದ ಮನೆಗೆ ಕನ್ನಡದ್ದು. ಎರಡರಲ್ಲಿಯೂ ಚಿತ್ರಗಳು ಅವೇ, ಕತೆಯೂ ಅದೇ. ಜಗಲಿಯ ಮೇಲೆ ಎರಡನ್ನೂ ಅಕ್ಕಪಕ್ಕ ಹರಡಿಕೊಂಡು, ಈ ಚಿತ್ರದ ಕೆಳಗೆ ತೆಲುಗಿನಲ್ಲಿ ಹೀಗಿದ್ದರೆ ಕನ್ನಡದಲ್ಲಿ ಹೇಗಿದೆ ಎಂದು ಹುಡುಕಿ ಹುಡುಕಿ ನಾನು ಕನ್ನಡ ಓದಲು ಕಲಿತೆ. ತಲಕಟ್ಟಿನ ರೂಪ ಬಿಟ್ಟರೆ ಎಷ್ಟೋ ಅಕ್ಷರಗಳು ದಾಯಾದಿಗಳಂತೆಯೇ ಕಾಣುವುದರಿಂದ ಅದು ಕಷ್ಟವೂ ಆಗಲಿಲ್ಲ. ಇದನ್ನೇಕೆ ಹೇಳಿದೆನೆಂದರೆ, ಗೊತ್ತಿರುವ ಕತೆಯನ್ನು ಗೊತ್ತಿಲ್ಲದ ಅಕ್ಷರದಲ್ಲಿ ಓದುವುದು ಸುಲಭ; ಕತೆಯೂ ಗೊತ್ತಿಲ್ಲ, ಅಕ್ಷರವೂ ಗಟ್ಟಿಯಿಲ್ಲ ಎಂದರೆ ದೊಡ್ಡವರಿಗೂ ಕಷ್ಟ. ಆದ್ದರಿಂದ ಮೊದಲು ಕತೆಯನ್ನು ಬಾಯಿಂದ ಹೇಳಿ, ಅದೇ ಕತೆಯ ಪುಟವನ್ನು ಆಮೇಲೆ ಕೈಗೆ ಕೊಡಿ.


ಉತ್ತರ: ಇಬ್ಬರು ಮಕ್ಕಳ ತಂದೆ, ಕೋಲಾರ

ಮೇಷ್ಟ್ರ ಮಾತನ್ನು ಒಪ್ಪುತ್ತೇನೆ, ಆದರೆ ಎಲ್ಲವನ್ನೂ ಅಕ್ಷರದ ಮೇಲೆ ಹಾಕಿಬಿಡಲು ನನ್ನ ಅನುಭವ ಬಿಡುವುದಿಲ್ಲ. ನಾನು ಮಾಡಿದ ತಪ್ಪನ್ನು ಹೇಳುತ್ತೇನೆ. ದೊಡ್ಡ ಮಗನಿಗೆ ಎಂಟು ವರ್ಷವಾಗಿದ್ದಾಗ, ದಿನಕ್ಕೆ ಐದು ಪುಟ ನನ್ನ ಹಳೆಯ ಪುಸ್ತಕ ಓದಿದರೆ ಅರ್ಧ ಗಂಟೆ ಮೊಬೈಲ್ ಎಂದು ಕರಾರು ಮಾಡಿಕೊಂಡೆ. ಮೂರು ತಿಂಗಳು ಲೆಕ್ಕ ತಪ್ಪದೆ ಓದಿದ. ನಾನು ಹಿಗ್ಗಿ ನೆಂಟರಿಗೆಲ್ಲ ಹೇಳಿಕೊಂಡು ತಿರುಗಿದೆ. ಒಂದು ದಿನ ಅವನು ಓದಿದ ಕತೆಯಲ್ಲಿ ಏನಾಯಿತೆಂದು ಕೇಳಿದರೆ, “ಐದು ಪುಟ ಆಯ್ತು” ಎಂದ. ಅದಕ್ಕಿಂತ ಹೆಚ್ಚಿಗೆ ಅವನಿಗೆ ಏನೂ ತಿಳಿದಿರಲಿಲ್ಲ. ಕರಾರು ಮುರಿದ ಮೇಲೆ ಎರಡು ವರ್ಷ ಆ ಕಪಾಟಿನ ಕಡೆಗೆ ಅವನು ತಿರುಗಿಯೂ ನೋಡಲಿಲ್ಲ. ದಯವಿಟ್ಟು ಓದಿಗೆ ಕೂಲಿ ಕೊಡಬೇಡಿ.

ಆಮೇಲೆ ನಾನು ಯೋಚಿಸಿದ್ದು ಇಷ್ಟು. ನನಗೆ ಆ ಪುಸ್ತಕಗಳು ಅಷ್ಟು ರುಚಿಸಿದ್ದೇಕೆ? ಮನೆಗೆ ತಿಂಗಳಿಗೊಂದೇ ಸಂಚಿಕೆ ಬರುತ್ತಿತ್ತು. ಅಣ್ಣ ಓದಿ, ಅಕ್ಕ ಓದಿ, ಕಡೆಗೆ ನನ್ನ ಕೈಗೆ ಬರುವಷ್ಟರಲ್ಲಿ ನಾಲ್ಕು ದಿನ ಕಾದಿರುತ್ತಿದ್ದೆ. ಬೇಸಿಗೆಯ ಮಧ್ಯಾಹ್ನ ಹೊರಗೆ ಹೋಗಲು ಬಿಡುತ್ತಿರಲಿಲ್ಲ, ಟೀವಿಯಲ್ಲಿ ಸಂಜೆಯವರೆಗೆ ಏನೂ ಇರುತ್ತಿರಲಿಲ್ಲ. ಆ ಕಾಯುವಿಕೆಯೂ ಆ ಬೇಸರವೂ ಕತೆಯೊಳಗೆ ಬೆರೆತುಹೋಗಿದ್ದವು. ಅವುಗಳನ್ನು ಟ್ರಂಕಿನಲ್ಲಿ ಇಟ್ಟು ಮಗನಿಗೆ ಕೊಡಲು ನನ್ನಿಂದ ಆಗುವುದಿಲ್ಲ. ಶಿರಾ ಗೇಟ್ ಮೇಡಂ, ನಿಮ್ಮ ಮಗಳಿಗೆ ಬೇತಾಳ ಕಡೆಯವರೆಗೂ ಹಿಡಿಸದೇ ಹೋಗಬಹುದು. ಅದು ನಿಮ್ಮನ್ನು ನಿರಾಕರಿಸಿದಂತೆ ಅಲ್ಲ.

ನಮ್ಮ ಮನೆಯಲ್ಲಿ ಕಡೆಗೆ ಗೆದ್ದದ್ದು ನಾನು ಲೆಕ್ಕಕ್ಕೇ ಇಟ್ಟುಕೊಳ್ಳದಿದ್ದ ಪುಸ್ತಕ. ನಿರಂಜನರು ಸಂಪಾದಿಸಿದ ‘ಜ್ಞಾನ ಗಂಗೋತ್ರಿ’ ಎಂಬ ಕಿರಿಯರ ವಿಶ್ವಕೋಶದ ಏಳು ಸಂಪುಟಗಳು 1970ರ ದಶಕದಲ್ಲಿ ಬಂದವು. ನಮ್ಮ ತಂದೆ ಕೊಂಡಿಟ್ಟಿದ್ದವು ಈಗಲೂ ನಮ್ಮಲ್ಲಿವೆ. ಹಳೆಯದಾಯಿತು, ಇದನ್ನು ಈಗಿನ ಮಕ್ಕಳಿಗೆ ಕೊಟ್ಟರೆ ತಪ್ಪು ಕಲಿಯುತ್ತಾರೆಂದು ಮೇಲಿನ ಅಂತಸ್ತಿನಲ್ಲಿ ಇಟ್ಟಿದ್ದೆ. ಒಂದು ಭಾನುವಾರ ಮಗ ಸ್ಟೂಲು ಹಾಕಿಕೊಂಡು ಇಳಿಸಿ ನೋಡುತ್ತಿದ್ದವನು, “ಅಪ್ಪಾ, ಇದ್ರಲ್ಲಿ ಪ್ಲೂಟೊ ಇನ್ನೂ ಗ್ರಹ!” ಎಂದು ಕೂಗಿದ. 2006ರಲ್ಲಿ ವಿಜ್ಞಾನಿಗಳು ಪ್ಲೂಟೊವನ್ನು ಗ್ರಹಗಳ ಪಟ್ಟಿಯಿಂದ ತೆಗೆದು ಕುಬ್ಜಗ್ರಹವೆಂದು ಕರೆದದ್ದು ಅವನಿಗೆ ಗೊತ್ತಿತ್ತು. ಅಪ್ಪನ ಪುಸ್ತಕದಲ್ಲಿ ತಪ್ಪು ಹಿಡಿದ ಆ ಸಂತೋಷಕ್ಕೆ ಸಮಾನ ಬೇರೆ ಇಲ್ಲ. ಅಂದಿನಿಂದ ಪೆನ್ಸಿಲು ಹಿಡಿದು ಕೂತಿದ್ದಾನೆ. ಶನಿಯ ಉಪಗ್ರಹಗಳ ಸಂಖ್ಯೆ ಈಗ ನೂರು ದಾಟಿದೆ ಎಂದು ಅಂಚಿನಲ್ಲಿ ಬರೆದ. ನನ್ನ ಶಾಲೆಯ ಕಾಲದ ಅಟ್ಲಾಸಿನಲ್ಲಿ ಸೋವಿಯತ್ ಒಕ್ಕೂಟ ಇರುವುದನ್ನು ಕಂಡು, ಅದು 1991ರಲ್ಲಿ ಒಡೆದ ಮೇಲೆ ಎಷ್ಟು ದೇಶಗಳಾದವೆಂದು ಎಣಿಸಿ ಹದಿನೈದು ಎಂದು ಬರೆದ. ತಪ್ಪು ಹುಡುಕಲು ಹೋದವನು ಪುಟಗಟ್ಟಲೆ ಓದುತ್ತಾನೆ. ಒತ್ತಕ್ಷರಗಳು ಈಗ ಅವನನ್ನು ತಡೆಯುವುದಿಲ್ಲ.

ಪುಸ್ತಕದಲ್ಲಿ ಪೆನ್ಸಿಲಿನಿಂದ ಬರೆಯಲು ಬಿಟ್ಟೆನೆಂದು ನಮ್ಮ ತಾಯಿ ಇನ್ನೂ ಮುನಿಸಿಕೊಂಡಿದ್ದಾರೆ.


ಉತ್ತರ: ಗ್ರಂಥಾಲಯ ಮೇಲ್ವಿಚಾರಕಿ, ಗೌರಿಬಿದನೂರು ತಾಲ್ಲೂಕು

ನಾನು ಗ್ರಾಮ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವವಳು. ಈಗ ಅದಕ್ಕೆ ಅರಿವು ಕೇಂದ್ರವೆಂಬ ಹೆಸರಿದೆ. ಹಾರಿಸಬೇಕೇ ಬೇಡವೇ ಎಂಬ ನಿಮ್ಮ ಎರಡನೆಯ ಪ್ರಶ್ನೆಗೆ ಮಾತ್ರ ಉತ್ತರಿಸುತ್ತೇನೆ, ಏಕೆಂದರೆ ಅದು ವಾರಕ್ಕೊಮ್ಮೆ ನನ್ನ ಎದುರಿಗೂ ಬರುತ್ತದೆ.

ಶನಿವಾರ ಮಧ್ಯಾಹ್ನ ಮಕ್ಕಳಿಗೆ ಕತೆ ಓದುತ್ತೇನೆ. ಒಮ್ಮೆ ಗೋವಿನ ಹಾಡನ್ನು ಹಾಡಿ ಹೇಳಿದೆ. ಪುಣ್ಯಕೋಟಿ ಕರುವಿಗೆ ಹಾಲು ಕುಡಿಸಿ ಮಾತಿಗೆ ತಪ್ಪದೆ ಹಿಂತಿರುಗಿದಾಗ ಮಕ್ಕಳ ಕಣ್ಣು ತುಂಬಿದ್ದವು. ನಾನು ನಿರೀಕ್ಷಿಸಿದ್ದೂ ಅದನ್ನೇ. ಆದರೆ ಅರ್ಬುತ ಎಂಬ ಹುಲಿ ಪಶ್ಚಾತ್ತಾಪದಿಂದ ಪ್ರಾಣ ಬಿಟ್ಟಾಗ ಎರಡನೆಯ ತರಗತಿಯ ಹುಡುಗಿಯೊಬ್ಬಳು ಕೋಪದಿಂದ ಎದ್ದು ನಿಂತಳು. “ಹುಲಿ ಯಾಕ್ ಸಾಯ್ಬೇಕು ಮಿಸ್? ಅದಕ್ಕೂ ಹಸಿವಾಗಿತ್ತಲ್ಲ. ಅದ್ರ ಮನೇಲೂ ಮರಿ ಇದ್ರೆ?” ನಾನು ಇಷ್ಟು ವರ್ಷ ಹಾಡಿಕೊಂಡು ಬಂದಿದ್ದರೂ ಹುಲಿಯ ಮರಿಯ ಬಗ್ಗೆ ಒಮ್ಮೆಯೂ ಯೋಚಿಸಿರಲಿಲ್ಲ. ಉಳಿದ ಮಕ್ಕಳು ಎರಡು ಗುಂಪಾಗಿ ಅರ್ಧ ಗಂಟೆ ಜಗಳವಾಡಿದರು. ಆ ಭಾಗವನ್ನು ಹಾರಿಸಿದ್ದರೆ ಆ ಜಗಳ ತಪ್ಪಿಹೋಗುತ್ತಿತ್ತು.

ಆದ್ದರಿಂದ ಸಾಮಾನ್ಯವಾಗಿ ನಾನು ಹಾರಿಸುವುದಿಲ್ಲ. ಕಪ್ಪಗಿರುವ ರಾಕ್ಷಸಿ ಎಂದು ಬಂದರೆ ಇದ್ದಂತೆಯೇ ಓದಿ, ತಲೆಯೆತ್ತಿ, “ಇದನ್ನ ಬರೆದವರಿಗೆ ಬುದ್ಧಿ ಸಾಲದು, ನಾನೂ ಕಪ್ಪಗಿದೀನಿ ನೋಡಿ” ಎನ್ನುತ್ತೇನೆ. ಮಕ್ಕಳು ನಗುತ್ತಾರೆ, ಕತೆ ಮುಂದೆ ಹೋಗುತ್ತದೆ. ಉದ್ದನೆಯ ಭಾಷಣ ಮಾಡಿದರೆ ಮಾತ್ರ ಆ ದಿನದ ಕತೆ ಕೆಟ್ಟಿತು. ಒಂದು ವಿಷಯದಲ್ಲಿ ಮಾತ್ರ ಎಚ್ಚರ ವಹಿಸುತ್ತೇನೆ: ಕೇಳುತ್ತಿರುವ ಮಕ್ಕಳಲ್ಲಿ ಯಾರಾದರೂ ಚಿಕ್ಕಮ್ಮನ ಕೈಯಲ್ಲಿ ಬೆಳೆಯುತ್ತಿದ್ದರೆ ಮಲತಾಯಿಯ ಕತೆಯನ್ನು ಎಲ್ಲರ ಎದುರಿಗೆ ತೆಗೆಯುವುದಿಲ್ಲ. ಸಂಜೆ ಆ ಮಗು ಹೋಗಬೇಕಾದ್ದು ಅದೇ ಮನೆಗೆ. ನಿಮ್ಮ ಮಗಳ ಸುತ್ತಮುತ್ತ ಹಾಗೆ ಯಾರಿದ್ದಾರೆಂದು ನಿಮಗೇ ಗೊತ್ತಿರುತ್ತದೆ.

ಅಂದಹಾಗೆ, ನಿಮ್ಮ ಟ್ರಂಕಿನ ಪುಸ್ತಕಗಳ ನಡುವೆ ಈಗಿನ ಪುಸ್ತಕಗಳನ್ನೂ ಸೇರಿಸಿ ಇಡಿ. ಬೆಂಗಳೂರಿನ ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ ತಾಣದಲ್ಲಿ ಕನ್ನಡದ ಚಿತ್ರಕತೆಗಳು ಓದಿನ ಹಂತಕ್ಕೆ ತಕ್ಕಂತೆ ವಿಂಗಡಿಸಿ ಉಚಿತವಾಗಿ ಸಿಗುತ್ತವೆ. ಒಂದು ಪುಟಕ್ಕೆ ಎರಡು ಮೂರು ಸಾಲು ಇರುವವುಗಳಿಂದ ಆರಂಭಿಸಿದರೆ ಮೇಷ್ಟ್ರು ಹೇಳಿದ ಬೆರಳು ಬೇಗ ಮೇಲೇಳುತ್ತದೆ. ಹಳ್ಳಿಗೆ ಹೋದಾಗ ಅಲ್ಲಿನ ಅರಿವು ಕೇಂದ್ರಕ್ಕೂ ಕರೆದುಕೊಂಡು ಹೋಗಿ. 2020ರಲ್ಲಿ ಹಳ್ಳಿ ಮಕ್ಕಳ ಓದಿಗಾಗಿ ‘ಓದುವ ಬೆಳಕು’ ಅಭಿಯಾನ ಆರಂಭವಾದಾಗಿನಿಂದ ಮಕ್ಕಳಿಗೆ ಸದಸ್ಯತ್ವಕ್ಕೆ ಹಣ ಕೊಡಬೇಕಾಗಿಲ್ಲ. ಅಮ್ಮ ಆರಿಸಿದ ಪುಸ್ತಕಕ್ಕೂ ತಾನೇ ಕಪಾಟಿನಿಂದ ಎಳೆದುಕೊಂಡ ಪುಸ್ತಕಕ್ಕೂ ಮಗು ಕೊಡುವ ಮರ್ಯಾದೆ ಬೇರೆ ಬೇರೆ.


ಉತ್ತರ: ಬೈಂಡಿಂಗ್ ಕೆಲಸದವರ ಮಗ, ಕುಣಿಗಲ್

ಕಾಗದದ ಬಗ್ಗೆ ಯಾರೂ ಹೇಳಲಿಲ್ಲವಾದ್ದರಿಂದ ಎರಡು ಮಾತು. ಹರಿದ ಪುಟಕ್ಕೆ ಸೆಲ್ಲೋಟೇಪ್ ಹಚ್ಚಬೇಡಿ. ಕೆಲವೇ ವರ್ಷಗಳಲ್ಲಿ ಅಂಟು ಹಳದಿಯಾಗಿ ಅಕ್ಷರವನ್ನೂ ನುಂಗುತ್ತದೆ. ತೆಳುವಾದ ಟಿಶ್ಯೂ ಕಾಗದದ ಪಟ್ಟಿಯನ್ನು ಮೈದಾ ಗೋಂದಿನಿಂದ ಅಂಟಿಸಿ, ಮೇಲೆ ಭಾರವಿಟ್ಟು ಒಣಗಿಸಿ. ಹುಳು ಹಿಡಿಯದಿರಲೆಂದು ನಮ್ಮ ತಂದೆ ಗೋಂದಿಗೆ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ, ಬೆರಳು ನೆಕ್ಕಿ ಪುಟ ತಿರುಗಿಸುವ ಮಕ್ಕಳ ಪುಸ್ತಕಕ್ಕೆ ಖಂಡಿತ ಬೇಡ. ನುಸಿಗುಳಿಗೆಯೂ ಬೇಡ. ನೆರಳಿನಲ್ಲಿ ಒಣಗಿಸಿದ ಬೇವಿನ ಸೊಪ್ಪು ಹಾಕಿ, ತಿಂಗಳಿಗೊಮ್ಮೆ ಗಾಳಿಗೆ ಹರಡಿದರೆ ಸಾಕು. ಮತ್ತೆ ಬೈಂಡ್ ಮಾಡಿಸಲು ಕೊಟ್ಟರೆ ಅಂಚು ಕತ್ತರಿಸಬಾರದೆಂದು ಮೊದಲೇ ಹೇಳಿಬಿಡಿ. ಹಳೆಯ ಸಂಪುಟಗಳನ್ನು ಇನ್ನೊಮ್ಮೆ ಕಟರ್‌ಗೆ ಕೊಟ್ಟರೆ ಸಾಲಿನ ಕೊನೆಯ ಅಕ್ಷರಗಳು ಹೋಗುತ್ತವೆ. ತೀರ ಮುರಿಯುವ ಪುಟಗಳನ್ನು ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.


ಮತ್ತೆ ಶಿರಾ ಗೇಟ್ ಅಮ್ಮ, ಮೂರು ವಾರಗಳ ನಂತರ

ಎಲ್ಲರಿಗೂ ನಮಸ್ಕಾರ. ಮೇಷ್ಟ್ರೇ, ನೀವು ಹೇಳಿದ ಪರೀಕ್ಷೆ ಮಾಡಿದೆ. ನಾನು ಓದಿ ಹೇಳಿದ ಕತೆಯನ್ನು ಮರುದಿನ ಅವಳು ತನ್ನ ಅಜ್ಜಿಗೆ, ಅಂದರೆ ನಮ್ಮ ಅತ್ತೆಯವರಿಗೆ, ಒಂದು ಘಟನೆಯೂ ಬಿಡದಂತೆ ಹೇಳಿದಳು. ಕುದುರೆ ಓಡುವ ಸದ್ದನ್ನು ಅವಳೇ ಸೇರಿಸಿದ್ದಳು. ಆದ್ದರಿಂದ ತೊಡಕು ಅಕ್ಷರದ್ದೇ ಎಂದಾಯಿತು. ಈಗ ಪ್ರತಿ ರಾತ್ರಿ ಬೇತಾಳದ ಮಾತುಗಳು ಅವಳವು, ಉಳಿದದ್ದು ನನ್ನದು. ಮೊದಲ ವಾರ ಅವಳ ಒಂದು ವಾಕ್ಯ ಮುಗಿಯುವವರೆಗೆ ನನಗೆ ನಿದ್ದೆ ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಪ್ರಶ್ನೆಯ ಬಳಿ ಪುಸ್ತಕ ಮುಚ್ಚಿದ ಮೊದಲ ದಿನ ಅವಳು ಹೇಳಿದ ಉತ್ತರ ರಾಜನ ಉತ್ತರಕ್ಕೆ ಪೂರ್ತಿ ವಿರುದ್ಧವಾಗಿತ್ತು. ರಾಜನದನ್ನು ಓದಿದ ಮೇಲೂ ಅವಳು ಸೋಲೊಪ್ಪಲಿಲ್ಲ. “ಅವನು ತಪ್ಪು ಹೇಳಿದ್ದಾನೆ, ಅದಕ್ಕೇ ಬೇತಾಳ ವಾಪಸ್ ಹೋಯ್ತು” ಎಂದಳು. ಅದು ವಾಪಸಾದದ್ದು ಅವನ ಮೌನ ಮುರಿದುದರಿಂದ ಎಂದು ಎಷ್ಟು ವಿವರಿಸಿದರೂ ಕೇಳುತ್ತಿಲ್ಲ. ಛಲ ಬಿಡದ ತ್ರಿವಿಕ್ರಮನನ್ನು ಇದುವರೆಗೆ ಪುಸ್ತಕದಲ್ಲಿ ನೋಡಿದ್ದೆ, ಈಗ ಪಕ್ಕದಲ್ಲೇ ಮಲಗಿದೆ. ಭಾರತ ಭಾರತಿಯ ಪುಸ್ತಕಗಳನ್ನು ಮಾತ್ರ ಇನ್ನೂ ಮುಟ್ಟಿಲ್ಲ. ಕೋಲಾರದ ಸರ್ ಮಾತು ನೆನೆದು ನಾನೂ ಸುಮ್ಮನಿದ್ದೇನೆ.

ಈಗ ಹೊಸದೊಂದು ಸಮಸ್ಯೆ. ಅಪ್ಪ ಬೈಂಡ್ ಮಾಡಿಸಿದ್ದ 1991ರ ಸಂಪುಟದಲ್ಲಿ ಜುಲೈ ಸಂಚಿಕೆ ಇಲ್ಲ. ಆ ತಿಂಗಳು ನಾನು ಅದನ್ನು ಶಾಲೆಗೆ ಕೊಂಡುಹೋಗಿ ಯಾರಿಗೋ ಕೊಟ್ಟು ಕಳೆದುಕೊಂಡಿದ್ದೆ. ಧಾರಾವಾಹಿಯ ಆ ಕಂತಿನಲ್ಲಿ ಏನಾಯಿತೆಂದು ಮಗಳು ದಿನವೂ ಕೇಳುತ್ತಾಳೆ. ನನಗೆ ಒಂದಿಷ್ಟೂ ನೆನಪಿಲ್ಲ. ನಾನೇ ಕಟ್ಟಿ ಹೇಳಿದ್ದನ್ನು ಆಗಸ್ಟ್ ಸಂಚಿಕೆಯೊಂದಿಗೆ ಹೋಲಿಸಿ, ಹೊಂದುವುದಿಲ್ಲವೆಂದು ತಳ್ಳಿಹಾಕಿದ್ದಾಳೆ. ತುಮಕೂರು, ಗುಬ್ಬಿ, ತಿಪಟೂರಿನ ಕಡೆ ಯಾರ ಮನೆಯಲ್ಲಾದರೂ ಆ ಸಂಚಿಕೆ ಇದ್ದರೆ ದಯವಿಟ್ಟು ತಿಳಿಸಿ. ಪುಸ್ತಕವನ್ನು ಕೇಳುತ್ತಿಲ್ಲ, ಆ ಆರೇಳು ಪುಟಗಳ ಫೋಟೊ ಸಾಕು.